ಗುಂಡು ಬಟ್ಟಲಿಗೆ ಕೂರುವಾಗ

ಶ್ರೀರಂಗಪಟ್ಟಣದಿಂದ ಹೋದ ಹುಲಿಯೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. 1799ರಲ್ಲಿ ಕೋಟೆ ಬಿದ್ದಾಗ ಅರಮನೆಯಲ್ಲಿ ಸಿಕ್ಕಿದ ಟಿಪ್ಪುವಿನ ಮರದ ಹುಲಿ ಅದು. ಅಂಗಾತ ಬಿದ್ದ ಬಿಳಿಯನೊಬ್ಬನ ಕುತ್ತಿಗೆಗೆ ಬಾಯಿ ಹಾಕಿ ನಿಂತಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದಿ ಹುಲಿ ಗುರುಗುಡುತ್ತದೆ, ಮನುಷ್ಯ ನರಳುತ್ತಾನೆ, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಆಡುವುದು ಮನುಷ್ಯನ ಕೈ ಮಾತ್ರ. ಹುಲಿಯ ನಾಲ್ಕು ಕಾಲೂ ಇಟ್ಟಲ್ಲೇ ಬಿಗಿ. ಅದನ್ನು ಕಡೆದ ಕುಶಲಕರ್ಮಿ ಮಹಾ ಜಾಣ ಎಂದೇ ನನ್ನ ಅಭಿಪ್ರಾಯ. ಮನುಷ್ಯನ ಕೈಯನ್ನು ಮರದಲ್ಲಿ ಅಣಕಿಸಬಹುದು, ಹುಲಿ ಕುಲದ ತೊಡೆಸಂದಿನ ತಂಟೆಗೆ ಹೋದರೆ ಮರ್ಯಾದೆ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿದ್ದಿರಬೇಕು.

ಆ ಕುಲದಲ್ಲಿ ನಮ್ಮ ಮನೆಯೊಳಗೆ ಬಂದು ಒಲೆ ಮುಂದೆ ಮಲಗಲು ಒಪ್ಪಿದ್ದು ಬೆಕ್ಕು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಪಾಂಡವಪುರದ ಕಡೆಯ ಗದ್ದೆ ಬದುಗಳು ಒದ್ದೆಯಾಗುತ್ತವಲ್ಲ, ಆಗ ಬೆಳಗಿನ ಹೊತ್ತು ಅದು ನಡೆದುಹೋದ ಗುರುತನ್ನು ನೋಡಬೇಕು. ನಾಲ್ಕು ಕಾಲಿನ ಪ್ರಾಣಿ ಹೋಗಿದೆ, ಹೆಜ್ಜೆ ಕಾಣುವುದು ಎರಡು ಕಾಲಿನವು. ಮುಂಗಾಲು ಎತ್ತಿದ ಗುರುತಿನಲ್ಲೇ ಹಿಂಗಾಲು ಇಡುವುದು ಅದರ ನಡಿಗೆಯ ಕ್ರಮ. ಇಲಿಗೆ ಸದ್ದು ಕೇಳಬಾರದು, ಒಣ ಸೋಗೆ ಎರಡು ಸಲ ಮುರಿಯಬಾರದು. ಹಿಂಗಾಲಿನ ಕೀಲು ಜಾರಿದ ಬೆಕ್ಕು ಅದೇ ಬದುವಿನ ಮೇಲೆ ಹೋದರೆ ಈ ಲೆಕ್ಕ ಕೆಡುತ್ತದೆ. ಒಂದು ಪಕ್ಕದಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ, ಇನ್ನೊಂದು ಪಕ್ಕದಲ್ಲಿ ಮುಂಗಾಲಿನದೊಂದೇ, ನಡುವೆ ಎಲ್ಲೋ ಬೆರಳು ತಾಗಿಸಿ ಹಿಂದಕ್ಕೆಳೆದುಕೊಂಡ ಗೀಟು.

ಬೆಕ್ಕಿನ ಮೈ ಕಟ್ಟಿರುವ ರೀತಿಯೇ ಸೊಗಸು. ಅದರ ಮುಂಗಾಲಿಗೂ ಎದೆಗೂ ನಡುವೆ ಮೂಳೆಯ ಕೊಂಡಿ ಇಲ್ಲ. ನಮಗೆ ಕೊರಳ ಬುಡದಲ್ಲಿ ಗಟ್ಟಿಯಾಗಿ ಕೂತಿರುವ ಕೊರಳೆಲುಬು ಬೆಕ್ಕಿನಲ್ಲಿ ಒಂದು ಸಣ್ಣ ಕಡ್ಡಿಯಾಗಿ ಸ್ನಾಯುವಿನೊಳಗೆ ತೇಲಿಕೊಂಡಿರುತ್ತದೆ. ಮುಂಭಾಗದ ಭಾರವನ್ನೆಲ್ಲ ಮಾಂಸಖಂಡಗಳೇ ತೂಗಿಕೊಂಡಿರುತ್ತವೆ. ಹಾಗಾಗಿ ತಲೆ ಹಿಡಿಸಿದ ಕಿಂಡಿಯಲ್ಲಿ ಸಾಮಾನ್ಯವಾಗಿ ಮೈಯೂ ಹಿಡಿಸುತ್ತದೆ, ಎತ್ತರದಿಂದ ಇಳಿದಾಗ ಪೆಟ್ಟು ಮೆತ್ತಗಾಗುತ್ತದೆ, ಭುಜದ ಕೀಲು ಜಾರುವುದು ಅಪರೂಪ. ಬೀಳುವ ಬೆಕ್ಕು ಗಾಳಿಯಲ್ಲೇ ಮೈ ತಿರುಚಿ ಕಾಲ ಮೇಲೆ ಇಳಿಯುವುದನ್ನು ಫ್ರಾನ್ಸಿನ ಎಟಿಯೆನ್ ಜ್ಯೂಲ್ ಮರೆ 1894ರಲ್ಲಿ ಸಾಲು ಸಾಲು ಛಾಯಾಚಿತ್ರ ತೆಗೆದು ತೋರಿಸಿದ. ಹೆಂಚಿನ ಮನೆಯ ಸೂರಿನಿಂದ ಜಗಲಿಗೆ ಬೆಕ್ಕು ಹಾರುವುದನ್ನು ಕಂಡ ನಮ್ಮ ಅಜ್ಜಿಯರಿಗೆ ಅದು ಹೊಸ ಸುದ್ದಿಯಲ್ಲ. ಆದರೂ ಮರೆಯ ಚಿತ್ರಗಳಲ್ಲಿ ಮೊದಲು ಮುಂಭಾಗ ತಿರುಗಿ, ಆಮೇಲೆ ಸೊಂಟ ಅದನ್ನು ಹಿಂಬಾಲಿಸುವುದನ್ನು ಒಂದೊಂದೇ ಚೌಕದಲ್ಲಿ ನೋಡುತ್ತಾ ಕೂರುವುದು ಬೇರೆಯೇ ರುಚಿ.

ಹಿಂಗಾಲಿನ ಕಥೆ ಬೇರೆ. ನೆಗೆತದ ಬಲವೆಲ್ಲ ಅಲ್ಲಿಂದಲೇ ಹೊರಡಬೇಕಾದ್ದರಿಂದ ಅಲ್ಲಿ ಮೂಳೆಗೆ ಮೂಳೆ ಆನಿಕೊಂಡೇ ಇರಬೇಕು. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು, ಸುಮಾರು ಒಂದು ಸೆಂಟಿಮೀಟರ್ ಅಗಲದ್ದು. ಸೊಂಟದ ಮೂಳೆಯಲ್ಲಿ ಅದಕ್ಕೆ ತಕ್ಕ ಬಟ್ಟಲು. ಗುಂಡಿನ ನೆತ್ತಿಯಲ್ಲಿ ಚಿಕ್ಕದೊಂದು ಕುಳಿ, ಆ ಕುಳಿಯಿಂದ ಬಟ್ಟಲ ತಳಕ್ಕೆ ಹೋಗುವ ಗಿಡ್ಡ ಅಸ್ಥಿರಜ್ಜು. ಸುತ್ತ ಕೀಲುಚೀಲ, ಅದರ ಮೇಲೆ ಸ್ನಾಯುಗಳ ಹೊದಿಕೆ. ಗುಂಡಿನ ಮೇಲ್ಮೈಗೆ ಬಳಿದಿರುವ ಮೃದ್ವಸ್ಥಿ ಎಷ್ಟು ನಯವೆಂದರೆ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಅಲ್ಲಿ ಘರ್ಷಣೆ ಕಡಿಮೆ. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಲಕ್ಷ್ಮೀನಾರಾಯಣ ದೇವಸ್ಥಾನದ ನವರಂಗಕ್ಕೆ ಹೋದವರು ಅಲ್ಲಿನ ತಿರುಗಣೆ ಕಂಬಗಳನ್ನು ಮುಟ್ಟಿ ನೋಡಿರುತ್ತಾರೆ. ಹೊಯ್ಸಳರ ಕಾಲದ ಆ ಬಳಪದ ಕಲ್ಲಿನ ದುಂಡು ಬೆರಳಿಗೆ ಎಲ್ಲೂ ತಡೆಯುವುದಿಲ್ಲ. ನಯದ ಕೆಲಸಕ್ಕೆ ನಮ್ಮ ಕಡೆಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿಯದು. ಮೊದಲ ಸಲ ಬೆಕ್ಕಿನ ತೊಡೆಯ ಗುಂಡು ದೀಪದ ಕೆಳಗೆ ಬಿಳಿ ನೀಲಿಯಾಗಿ ಹೊಳೆದದ್ದನ್ನು ಕಂಡಾಗ ನೆನಪಿಗೆ ಬಂದದ್ದು ಆ ಕಂಬಗಳೇ. ಕಲ್ಲು ಒಮ್ಮೆ ನಯವಾದರೆ ಮುಗಿಯಿತು. ಇದು ತನ್ನ ಎಣ್ಣೆಯನ್ನು ತಾನೇ ಒಸರಿಸಿಕೊಂಡು ಪ್ರತಿ ಹೆಜ್ಜೆಗೂ ನಯ ಉಳಿಸಿಕೊಳ್ಳುತ್ತದೆ.

ಇಂಥದ್ದು ಜಾರುವುದು ಹೇಗೆ? ನಮ್ಮ ಭಾಗದಲ್ಲಿ ಕಾರಣಗಳಿಗೆ ಬರವಿಲ್ಲ. ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಬೆಂಗಳೂರು ಮೈಸೂರು ಹೆದ್ದಾರಿ. ಪಾಂಡವಪುರದ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ರಾತ್ರಿಯಿಡೀ ಕಬ್ಬಿನ ಲಾರಿ, ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಹಾಸನದ ಕಡೆಗೆ ಓಡುವ ಬಸ್ಸುಗಳು. ಇದರ ಜತೆಗೆ ನಾಯಿ, ಕಡಿದಾದ ಬಾವಿಕಟ್ಟೆ, ಮೂರಂತಸ್ತಿನ ಹೊಸ ಮನೆಗಳ ಮೇಲೆ ಪ್ಯಾರಪೆಟ್ಟಿನ ನುಣುಪಾದ ಗ್ರಾನೈಟು. ಕಾಲು ಒಳಕ್ಕೆ ಮಡಚಿದ್ದಾಗ ಪೆಟ್ಟು ಬಿದ್ದರೆ ಆ ಗಿಡ್ಡ ಅಸ್ಥಿರಜ್ಜು ಹರಿಯುತ್ತದೆ, ಚೀಲ ಸೀಳುತ್ತದೆ, ಗುಂಡು ಬಟ್ಟಲ ಅಂಚು ದಾಟಿ ಹೊರಬೀಳುತ್ತದೆ. ಪೃಷ್ಠದ ದೊಡ್ಡ ಸ್ನಾಯುಗಳು ಅದನ್ನು ಮೇಲಕ್ಕೂ ಮುಂದಕ್ಕೂ ಸೆಳೆದು ನಿಲ್ಲಿಸುತ್ತವೆ. ಬೆಕ್ಕಿನಲ್ಲಿ ಜಾರುವ ಕೀಲುಗಳಲ್ಲೆಲ್ಲ ಹೆಚ್ಚು ಕಾಣುವುದು ಇದೇ.

ದನದ ವಿಷಯದಲ್ಲಿ ಕನ್ನಡ ನಾಡು ಯಾವತ್ತೂ ಎಚ್ಚರವಾಗಿತ್ತು. ಚಾಳುಕ್ಯ ಅರಸುಮಗ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಸುಮಾರಿಗೇ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರು ದನಗಳಿಗಾಗಿ ಬೆಣ್ಣೆ ಚಾವಡಿ ಇಟ್ಟರು, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಬೆಕ್ಕಿಗೆ ಯಾವ ಅರಸನೂ ಚಾವಡಿ ಕಟ್ಟಲಿಲ್ಲ. ಇವತ್ತಿಗೂ ತಾಲ್ಲೂಕಿನ ಪಶು ಆಸ್ಪತ್ರೆ ಊರವರ ಬಾಯಲ್ಲಿ ‘ದನದ ಆಸ್ಪತ್ರೆ’ಯೇ. ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಬಂದವರು ಸ್ವಲ್ಪ ಸಂಕೋಚದಿಂದಲೇ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಮೂಳೆಯ ದೊಡ್ಡ ಕೆಲಸವಿದ್ದರೆ ಮೈಸೂರಿಗೋ, ಹಾಸನದ ಪಶುವೈದ್ಯಕೀಯ ಕಾಲೇಜಿಗೋ, 1958ರಿಂದ ಇರುವ ಹೆಬ್ಬಾಳದ ಕಾಲೇಜಿಗೋ ಹೋಗಬೇಕಾಗುತ್ತದೆ.

ನಾನು ನೋಡಿದ ಬೆಕ್ಕು ಬೂದು ಪಟ್ಟೆಯದು, ಮೂರು ಕಿಲೋ ಚಿಲ್ಲರೆ. ತಂದವರು ಅಜ್ಜಿ, ನೋಡಿದವರು ಇನ್ನೂ ಚಿಕ್ಕ ವಯಸ್ಸಿನ ವೈದ್ಯೆ.

“ಕಾಲು ಮುರ್ದೋಗದೆ ಕಣವ್ವ, ನೆನ್ನೆಯಿಂದ ನೆಲಕ್ಕೇ ಊರ್ತಿಲ್ಲ.”

“ಇರಿ ಅಜ್ಜಿ, ಮೊದ್ಲು ಉಸಿರು ನೋಡ್ತೀನಿ. ಕಾಲು ಆಮೇಲೆ.”

ವಾಹನ ಬಡಿದ ಬೆಕ್ಕಿನಲ್ಲಿ ಶ್ವಾಸಕೋಶ, ವಪೆ, ಮೂತ್ರಚೀಲ ಇವು ಮೊದಲ ಸರದಿ. ಅಜ್ಜಿಗೆ ಅದು ಸಮಾಧಾನವಾಗಲಿಲ್ಲ, ಕಾಲು ತೋರಿಸಿದರೆ ಎದೆಗೆ ಯಂತ್ರ ಇಡುತ್ತಾಳಲ್ಲ ಎನ್ನುವ ಮುಖ.

ಹಿಡಿದುಕೊಳ್ಳುವುದೇ ಒಂದು ವಿದ್ಯೆ. ಪಾಂಡವಪುರ ತಾಲ್ಲೂಕಿನಲ್ಲೇ ಇರುವ ಮೇಲುಕೋಟೆಯ ಶ್ರೀವೈಷ್ಣವರಿಗೆ ಮಾರ್ಜಾಲ ನ್ಯಾಯ, ಮರ್ಕಟ ನ್ಯಾಯಗಳ ವಾದ ಹಳೆಯದು. ತಾಯಿಬೆಕ್ಕು ಮರಿಯನ್ನು ಕುತ್ತಿಗೆ ಕಚ್ಚಿ ಒಯ್ಯುವಾಗ ಮರಿ ಏನೂ ಮಾಡಬೇಕಿಲ್ಲ, ಹಾಗೆಯೇ ದೇವರು ಜೀವವನ್ನು ಒಯ್ಯುತ್ತಾನೆ ಎನ್ನುವುದು ತೆಂಕಲೆಯವರ ಪಕ್ಷ. ಕೋತಿಮರಿಯ ಹಾಗೆ ಜೀವವೂ ಗಟ್ಟಿಯಾಗಿ ತಬ್ಬಿಕೊಳ್ಳಬೇಕು ಎನ್ನುವುದು ವಡಕಲೆಯವರದು. ಮರಿಯಾಗಿದ್ದಾಗ ಕುತ್ತಿಗೆ ಹಿಡಿದರೆ ಜೋತುಬೀಳುವ ಬೆಕ್ಕು, ಬೆಳೆದು ನೋವು ಹೊತ್ತು ಸ್ಟೀಲಿನ ಮೇಜಿನ ಮೇಲೆ ಬಂದಾಗ ನಿಸ್ಸಂಕೋಚವಾಗಿ ಮರ್ಕಟ ಪಕ್ಷಕ್ಕೆ ಸೇರುತ್ತದೆ. ಹದಿನೆಂಟು ಉಗುರುಗಳಲ್ಲಿ ಆಗುವಷ್ಟನ್ನು ಪಕ್ಕದವರ ತೋಳಿಗೆ ಊರಿ ತಬ್ಬುತ್ತದೆ. ಕುತ್ತಿಗೆ ಹಿಡಿದೆತ್ತುವುದನ್ನು ಈಗಿನ ವೈದ್ಯರು ಮೆಚ್ಚುವುದಿಲ್ಲ. ದಪ್ಪ ಟವೆಲ್ಲಿನಲ್ಲಿ ಸುತ್ತಿ, ತಲೆ ಮುಚ್ಚಿ, ನೋಡಬೇಕಾದ ಕಾಲನ್ನು ಮಾತ್ರ ಹೊರಗೆ ಬಿಡುವುದು ಅವರ ಕ್ರಮ.

ನಾನು ಇಷ್ಟೆಲ್ಲ ಬರೆಯುತ್ತಿರುವುದು ಮುಂದಿನ ಅರ್ಧ ನಿಮಿಷಕ್ಕಾಗಿ. ವೈದ್ಯೆ ಎರಡು ಹಿಂಗಾಲನ್ನೂ ನೇರ ಹಿಂದಕ್ಕೆ ಚಾಚಿ ಜೋಡಿಸಿದರು. ಎಡಗಾಲು ಬೆರಳಗಲ ಗಿಡ್ಡ. ಆಮೇಲೆ ಬೆಕ್ಕನ್ನು ಮಗ್ಗುಲಾಗಿ ಮಲಗಿಸಿ, ತೊಡೆಮೂಳೆಯ ಮೇಲ್ತುದಿಯ ಉಬ್ಬಿಗೂ ಕೂತಾಗ ನೆಲಕ್ಕೊತ್ತುವ ಪೃಷ್ಠದ ಮೂಳೆಗೂ ನಡುವಿನ ತಗ್ಗಿನಲ್ಲಿ ತಮ್ಮ ಹೆಬ್ಬೆರಳು ಇಟ್ಟರು. ಇನ್ನೊಂದು ಕೈಯಲ್ಲಿ ಮೊಣಕಾಲು ಹಿಡಿದು ತೊಡೆಯನ್ನು ಹೊರಕ್ಕೆ ತಿರುಗಿಸಿದರು. ಕೀಲು ಸರಿಯಿದ್ದರೆ ತೊಡೆ ತಿರುಗಿದಂತೆ ಆ ಉಬ್ಬು ಹಿಂದೆ ಬಂದು ಹೆಬ್ಬೆರಳನ್ನು ತಗ್ಗಿನಿಂದ ಆಚೆಗೆ ದೂಡುತ್ತದೆ. ಇಲ್ಲಿ ಹೆಬ್ಬೆರಳು ಇದ್ದಲ್ಲೇ ಆರಾಮಾಗಿ ಕೂತಿತ್ತು. ಗುಂಡು ಬಟ್ಟಲಲ್ಲಿದ್ದರಲ್ಲವೆ ಬೆರಳಿಗೆ ಜಾಗ ಇಕ್ಕಟ್ಟಾಗುವುದು! ಬಲಗಾಲಿನಲ್ಲಿ ಮಾಡಿ ತೋರಿಸಿದಾಗ ಬೆರಳು ಪಟಕ್ಕನೆ ಈಚೆಗೆ ಬಂತು. ವಿದ್ಯುತ್ತಿಲ್ಲ, ಯಂತ್ರವಿಲ್ಲ, ಕಾಸಿನ ಖರ್ಚಿಲ್ಲ. ರಾಗ ಹಿಡಿದ ಕೂಡಲೇ ಹೆಸರು ಹೇಳುವ ರಸಿಕರನ್ನು ಕಂಡರೆ ಆಗುವ ಅಸೂಯೆ ನನಗೆ ಆ ಹೆಬ್ಬೆರಳಿನ ಮೇಲೆ ಆಯಿತು.

“ಮುರಿದಿಲ್ಲ ಅಜ್ಜಿ, ಜಾರದೆ. ಕೂರಿಸ್ಬೋದು.”

ಎಕ್ಸ್-ರೇ ತೆಗೆದೇ ತೆಗೆಯುತ್ತಾರೆ, ಅದೂ ಎರಡು ದಿಕ್ಕಿನಿಂದ. ವರ್ಷ ತುಂಬದ ಬೆಕ್ಕಾದರೆ ಗುಂಡು ಜಾರುವ ಬದಲು ಬೆಳವಣಿಗೆಯ ಪದರದಲ್ಲೇ ಕಳಚಿರಬಹುದು. ಅಸ್ಥಿರಜ್ಜು ಹರಿಯುವಾಗ ಗುಂಡಿನ ನೆತ್ತಿಯಿಂದ ಒಂದು ಚಕ್ಕೆಯನ್ನೂ ಕಿತ್ತುಕೊಂಡು ಹೋಗಿರಬಹುದು. ಬೆರಳಿಗೆ ಕಾಣದ್ದು ಅಲ್ಲಿ ಕಾಣುತ್ತದೆ.

ಕೈಯಿಂದಲೇ ಕೂರಿಸುವುದು ಮೊದಲ ಪ್ರಯತ್ನ. ಪೂರ್ತಿ ಅರಿವಳಿಕೆ ಕೊಡದೆ ಇದಕ್ಕೆ ಕೈ ಹಾಕುವಂತಿಲ್ಲ. ಎಚ್ಚರವಿರುವ ಬೆಕ್ಕಿನ ತೊಡೆಯ ಸ್ನಾಯುವನ್ನು ಎಳೆದು ಸೋಲಿಸಲು ಮನುಷ್ಯನಿಂದ ಆಗದು, ಮನೆಯಲ್ಲಿ ಯಾರಾದರೂ ಎಳೆದು ನೋಡಿದರೆ ಇರುವ ನೋವಿಗೆ ಇನ್ನಷ್ಟು ಸೇರುತ್ತದೆ. ದಿನ ಕಳೆದಷ್ಟೂ ಸ್ನಾಯು ಮೊಟಕಾಗಿ ಬಟ್ಟಲಲ್ಲಿ ಹೆಪ್ಪು, ನಾರು ತುಂಬುವುದರಿಂದ ಎರಡು ಮೂರು ದಿನದೊಳಗೆ ಬಂದವರೇ ಪುಣ್ಯವಂತರು. ತೊಡೆಸಂದಿಗೆ ಬಟ್ಟೆ ಹಾಕಿ ಒಬ್ಬರು ಮೈಯನ್ನು ಆಚೆಗೆ ಹಿಡಿಯುತ್ತಾರೆ. ವೈದ್ಯೆ ತೊಡೆಯನ್ನು ಹೊರಕ್ಕೆ ತಿರುಗಿಸಿ ಗುಂಡನ್ನು ಸೊಂಟದ ಮೂಳೆಯಿಂದ ಬಿಡಿಸಿಕೊಂಡರು. ಹಿಂದಕ್ಕೂ ಕೆಳಕ್ಕೂ ಎಳೆದರು. ಅವಸರವಿಲ್ಲ, ಜಗ್ಗಾಟವಿಲ್ಲ, ಒಂದೇ ಹದದ ಎಳೆತ. ಗುಂಡು ಬಟ್ಟಲ ಅಂಚಿಗೆ ಬಂದದ್ದು ಅವರ ಕೈಗೆ ತಿಳಿಯಿತು, ನನಗೆ ಅವರ ಹುಬ್ಬಿನಲ್ಲಿ ಕಂಡಿತು. ಆಗ ತೊಡೆಯನ್ನು ಒಳಕ್ಕೆ ತಿರುಗಿಸುತ್ತಲೇ ಇನ್ನೊಂದು ಕೈಯಿಂದ ಮೇಲಿನ ಉಬ್ಬನ್ನು ಒತ್ತಿದರು.

ಟಕ್.

ಕಿವಿಗಿಂತ ಹೆಚ್ಚಾಗಿ ಬೆರಳಿಗೆ ಕೇಳುವ ಸದ್ದು ಅದು. ಉಬ್ಬನ್ನು ಒತ್ತಿಹಿಡಿದೇ ಕಾಲನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಆಡಿಸಿದರು, ಬಟ್ಟಲಲ್ಲಿ ಹೆಪ್ಪುಗಟ್ಟಿದ ರಕ್ತ ಹಿಂಡಿಹೋಗಲಿ ಎಂದು. ಸುಶ್ರುತ ಸಂಹಿತೆಯಲ್ಲಿ ಕೀಲು ತಪ್ಪಿದ್ದಕ್ಕೆ ಹೇಳಿರುವ ನಾಲ್ಕು ಕೆಲಸ ಆಂಛನ, ಪೀಡನ, ಸಂಕ್ಷೇಪ, ಬಂಧನ. ಎಳೆ, ಒತ್ತು, ಕೂಡಿಸು, ಕಟ್ಟು. ವೈದ್ಯೆ ಅದನ್ನು ನೆನೆದು ಮಾಡಿದರೆಂದಲ್ಲ, ಗುಂಡನ್ನು ಬಟ್ಟಲಿಗೆ ಕರೆತರುವ ದಾರಿ ಅಂದಿಗೂ ಇಂದಿಗೂ ಅದೊಂದೇ.

ನಾಲ್ಕನೆಯದರಲ್ಲಿ ಬೆಕ್ಕು ಸೋಲಿಸುತ್ತದೆ. ನಮ್ಮ ನಾಟಿ ವೈದ್ಯರು ಕುರಿ, ಕರುವಿನ ಕೆಳಗಾಲು ಮುರಿದರೆ ಬಿದಿರ ದಬ್ಬೆ ಇಟ್ಟು ಚೆನ್ನಾಗಿ ಕಟ್ಟುತ್ತಾರೆ, ಕಟ್ಟುವ ಕೈ ಎಷ್ಟೋ ಕಡೆ ಹದವಾಗಿಯೂ ಇರುತ್ತದೆ. ಸೊಂಟದ ಕೀಲಿಗೆ ದಬ್ಬೆ ನಿಲ್ಲುವ ಜಾಗವೇ ಇಲ್ಲ. ಮೊಣಕಾಲಿನಿಂದ ಕೆಳಗೆ ಕಟ್ಟಿದರೆ ಆ ಭಾರ ಕಾಲನ್ನು ಇನ್ನೂ ಕೆಳಗೆ ಜಗ್ಗುತ್ತದೆ. ನಾಯಿಗಳಿಗೆ ಎಹ್ಮರ್ ಕಟ್ಟು ಎಂಬುದೊಂದಿದೆ. ಪಾದವನ್ನು ಎತ್ತಿ, ತೊಡೆಯನ್ನು ಒಳಕ್ಕೆ ತಿರುಗಿಸಿ, ಮೈಗೆ ಸೇರಿಸಿ ಬಟ್ಟೆ ಸುತ್ತುವುದು. ಬೆಕ್ಕಿಗೆ ಅದನ್ನು ಸುತ್ತಿದರೆ ಮೊದಲು ಸತ್ತಂತೆ ಬಿದ್ದುಕೊಳ್ಳುತ್ತದೆ, ನೀವು ಆ ಕಡೆ ತಿರುಗಿದ ಮೇಲೆ ಹಾವು ಪೊರೆ ಬಿಟ್ಟಂತೆ ಬಿಟ್ಟು ಬರುತ್ತದೆ. ಕಟ್ಟಿದರೂ ಬಿಟ್ಟರೂ ಕೈಯಿಂದ ಕೂರಿಸಿದ ಕೀಲುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮತ್ತೆ ಜಾರುತ್ತವೆ. ಅಜ್ಜಿಯ ಬೆಕ್ಕಿನದೂ ಜಾರಿತು. ಬೆಕ್ಕನ್ನು ಟವೆಲ್ ಸುತ್ತಿ ಮಡಿಲಲ್ಲಿಟ್ಟುಕೊಂಡು ಅಜ್ಜಿ ಬಸ್ ಹತ್ತಿದರು. ದೊಡ್ಡ ಆಸ್ಪತ್ರೆಗೆ.

ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಶ್ರೀರಂಗಪಟ್ಟಣದ ಹೆಸರು ಬರುವುದು ಒಬ್ಬ ಎತ್ತಿನ ಗಾಡಿಯವನಿಂದ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯಲ್ಲಿದ್ದ ಕಾವಸ್ಜಿಯನ್ನು ಟಿಪ್ಪುವಿನ ಕಡೆಯವರು ಹಿಡಿದು ಮೂಗು ಕೊಯ್ದರು. ಮುಂದೆ ಪುಣೆಯ ಬಳಿ ಒಬ್ಬ ದೇಶೀ ವೈದ್ಯ ಹಣೆಯ ಚರ್ಮವನ್ನೇ ಇಳಿಸಿ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರಿನಲ್ಲಿ ಅದನ್ನು ಅಚ್ಚುಮಾಡಿದ ಮೇಲೆ ಯೂರೋಪಿನ ವೈದ್ಯರು ಕಣ್ಣರಳಿಸಿದರು. ಬೆಕ್ಕಿನ ಕೀಲಿಗೂ ಅದಕ್ಕೂ ಏನು ನಂಟು ಎಂದು ಕೇಳಬಹುದು. ಮೈಯಲ್ಲಿ ಕಳೆದುಹೋದದ್ದನ್ನು ಮೈಯಿಂದಲೇ, ಕೈಗೆ ಸಿಕ್ಕಿದ ಸಾಮಗ್ರಿಯಿಂದಲೇ ಹೊಂದಿಸಿಕೊಡುವ ಆ ಧೈರ್ಯವನ್ನೇ ನಾನು ಮೇಜಿನ ತಲೆಕಡೆ ನಿಂತು ನೋಡಿದ್ದು.

ಬೋಳಿಸಿದ ತೊಡೆ ಅಂಗೈಯಷ್ಟಿತ್ತು. ಚರ್ಮ ಬಿಡಿಸಿ ಒಳಗೆ ಹೋದ ಶಸ್ತ್ರವೈದ್ಯರು ಸ್ನಾಯುಗಳನ್ನು ಆದಷ್ಟೂ ಕತ್ತರಿಸದೆ, ಒಂದಕ್ಕೂ ಇನ್ನೊಂದಕ್ಕೂ ನಡುವಿನ ಗೆರೆ ಹುಡುಕಿ ಪಕ್ಕಕ್ಕೆ ಸರಿಸಿದರು. ಆ ಗೆರೆ ಹುಡುಕುವುದರಲ್ಲೇ ಅರ್ಧ ಕಲೆ ಇದೆ. ಗೆರೆ ಸಿಕ್ಕರೆ ರಕ್ತವೇ ಇಲ್ಲ, ತಪ್ಪಿದರೆ ಹತ್ತಿ ಒತ್ತುತ್ತಲೇ ಹೊತ್ತು ಹೋಗುತ್ತದೆ. ಗುಂಡು ಬಂತು. ನೆತ್ತಿಯ ಕುಳಿಯಲ್ಲಿ ಹರಿದ ಅಸ್ಥಿರಜ್ಜುವಿನ ನಾರು ಒಂದಿಷ್ಟು ಅಂಟಿಕೊಂಡಿತ್ತು. ಬಟ್ಟಲ ತಳದಲ್ಲಿ ಉಳಿದರ್ಧ. ಎರಡನ್ನೂ ತೆಗೆದು, ಹೆಪ್ಪು ತೊಳೆದರು. ಬಟ್ಟಲ ತಳದಲ್ಲಿ ಒಂದು ಸಣ್ಣ ರಂಧ್ರ ಕೊರೆದರು. ಆ ಮೂಳೆ ತೆಳ್ಳಗಿದೆ, ಅದರಾಚೆ ಗುದನಾಳವೂ ನರವೂ ಇವೆ. ಡ್ರಿಲ್ಲು ಆಚೆ ಬರುವ ಘಳಿಗೆಯಲ್ಲಿ ಕೈ ನಿಲ್ಲಬೇಕು. ನಿಂತಿತು. ಇನ್ನೊಂದು ಸುರಂಗವನ್ನು ತೊಡೆಮೂಳೆಯ ಹೊರಪಕ್ಕದಿಂದ ಹಿಡಿದು ಅದರ ಕತ್ತಿನೊಳಗೆ ಸಾಗಿಸಿ, ಗುಂಡಿನ ನೆತ್ತಿಯ ಆ ಕುಳಿಯಲ್ಲೇ ಹೊರಡಿಸಿದರು. ಮೊದಲು ಅಸ್ಥಿರಜ್ಜು ಹುಟ್ಟುತ್ತಿದ್ದ ಸ್ಥಳವೇ ಅದು. ಮೂಳೆಯೊಳಗೆ ಕಣ್ಣು ಹೋಗದು, ಅಂದಾಜಿನ ಮೇಲೆಯೇ ಗುರಿ. ಕಡ್ಡಿ ಕುಳಿಯ ನಟ್ಟನಡುವೆ ತಲೆ ಎತ್ತಿದಾಗ ನಾನು ಭಲೆ ಎಂದೆ. ಮುಖಗವಸಿನೊಳಗೆ ಅದು ಯಾರಿಗೂ ಕೇಳಲಿಲ್ಲ.

ಆಮೇಲೆ ಬಂದದ್ದು ಟಾಗಲ್. ಉಕ್ಕಿನ ಚಿಕ್ಕ ಅಡ್ಡಕಡ್ಡಿ, ನಡುವಿನಲ್ಲಿ ದಾರ ಪೋಣಿಸಲು ಕಣ್ಣು. ದಾರ ದಪ್ಪ ನೈಲಾನು. ಕಾವೇರಿಯ ದಡದಲ್ಲಿ ಗಾಳ ಹಾಕಿ ಕೂರುವವರಿಗೆ ಗುರುತು ಹತ್ತುವ ಜಾತಿಯದೇ. ಪಶುಗಳ ಮೂಳೆ ವೈದ್ಯದಲ್ಲಿ ಗಾಳದ ದಾರ ಬಹುಕಾಲದಿಂದ ನಂಬಿಕೆಯ ಸರಕು, ಸರಿಯಾಗಿ ಕ್ರಿಮಿಶುದ್ಧಿ ಮಾಡಿದರೆ ಮೈಗೆ ಒಗ್ಗುತ್ತದೆ. ಕಡ್ಡಿಯನ್ನು ಉದ್ದುದ್ದಕ್ಕೆ ಬಟ್ಟಲ ರಂಧ್ರದೊಳಗೆ ತೂರಿಸಿ ದಾರ ಎಳೆದರು. ಆಚೆ ಪಕ್ಕದಲ್ಲಿ ಅದು ಅಡ್ಡ ತಿರುಗಿ ಮೂಳೆಗೆ ಆನಿಕೊಂಡಿತು, ಇನ್ನು ಈಚೆ ಬಾರದು. ದಾರದ ಎರಡು ತುದಿಯನ್ನು ಸುರಂಗದಲ್ಲಿ ಹಾಯಿಸಿ ಹೊರಕ್ಕೆ ತಂದರು. ದಾರ ಎಳೆದಂತೆಲ್ಲ ಗುಂಡು ತಾನಾಗಿ ಬಟ್ಟಲ ಕಡೆಗೆ ಸರಿಯಿತು. ಮತ್ತೆ ಆ ಟಕ್. ಹೊರಪಕ್ಕದಲ್ಲಿ ಗಂಟು. ತೀರ ಬಿಗಿಯಾದರೆ ಗುಂಡು ತಿರುಗದು, ಸಡಿಲವಾದರೆ ಮತ್ತೆ ಜಾರೀತು. ಗಂಟು ಹಾಕುವ ಮುಂಚೆ ಕಾಲನ್ನು ಎಲ್ಲ ದಿಕ್ಕಿಗೂ ಆಡಿಸಿ ನೋಡಿದರು. ನೋಲ್ಸ್ ಎಂಬ ಅಮೆರಿಕದ ಪಶುವೈದ್ಯರ ಹೆಸರಿನಲ್ಲಿ 1953ರಿಂದ ನಡೆದುಬಂದಿರುವ ಉಪಾಯ ಇದು.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ದಾರದ ವಾಯಿದೆ. ಅದು ಬೆಕ್ಕಿನ ಜೀವಮಾನ ಬಾಳಲೆಂದು ಹಾಕಿದ್ದಲ್ಲ. ದಿನಕ್ಕೆ ಸಾವಿರ ಸಲ ಬಾಗುವ ಜಾಗದಲ್ಲಿ ಯಾವ ನೈಲಾನೂ ಎಂದಾದರೂ ತುಂಡಾಗುತ್ತದೆ. ಅಷ್ಟರೊಳಗೆ ಸೀಳಿದ ಕೀಲುಚೀಲ ಗಾಯ ಮಾಗಿ, ಗಟ್ಟಿ ನಾರಾಗಿ, ಗುಂಡನ್ನು ತಾನೇ ಹಿಡಿದುಕೊಂಡಿರುತ್ತದೆ. ದಾರ ಹರಿದದ್ದು ಬೆಕ್ಕಿಗೂ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ. ಇಷ್ಟು ನಾಜೂಕಾಗಿ ಕೊರೆದು, ಇಷ್ಟು ಹದವಾಗಿ ಕಟ್ಟಿ, ಕೊನೆಗೆ ತನ್ನ ಕೆಲಸ ಬೇಡವಾಗಲಿ ಎಂದೇ ಹಾರೈಸುವ ಕುಶಲವಿದ್ಯೆ ಬೇರೆಲ್ಲೂ ನನಗೆ ಕಂಡಿಲ್ಲ.

ಇದಕ್ಕೆ ನೇರ ಎದುರಾದ ಇನ್ನೊಂದು ದಾರಿಯೂ ಇದೆ, ಕೇಳಿದರೆ ರಸಿಕರ ಎದೆ ಧಸಕ್ಕೆನ್ನುತ್ತದೆ. ಗುಂಡನ್ನೂ ಕತ್ತನ್ನೂ ಕತ್ತರಿಸಿ ತೆಗೆದೇಬಿಡುವುದು! ಬಟ್ಟಲು ಖಾಲಿ. ಬಟ್ಟಲು ಒಡೆದಿದ್ದರೆ, ಗುಂಡು ಸವೆದಿದ್ದರೆ, ವಾರಗಟ್ಟಲೆ ತಡವಾಗಿ ಬಂದಿದ್ದರೆ, ದುಡ್ಡಿನ ಅನುಕೂಲ ಇಲ್ಲದಿದ್ದರೆ ಇದನ್ನೇ ಮಾಡುತ್ತಾರೆ. ಕತ್ತರಿಸಿದ ಅಂಚನ್ನು ಶಸ್ತ್ರವೈದ್ಯರು ಬೆರಳಿನಿಂದ ಸವರಿ ಸವರಿ ನೋಡುತ್ತಾರೆ, ಒಂದು ಮೊನೆ ಉಳಿದರೂ ಅದು ಬಟ್ಟಲಿಗೆ ತಾಗಿ ಮುಂದೆ ಕಾಡುತ್ತದೆ. ಆಮೇಲೆ ಸ್ನಾಯುಗಳೇ ತೊಡೆಯನ್ನು ತೂಗಿ ಹಿಡಿಯುತ್ತವೆ, ನಡುವೆ ನಾರಿನ ಹೊಸ ಕೀಲೊಂದು ಕಟ್ಟಿಕೊಳ್ಳುತ್ತದೆ. ಮುಂಗಾಲಿನಲ್ಲಿ ಹುಟ್ಟಿನಿಂದಲೇ ನಡೆಸಿದ ಏರ್ಪಾಡನ್ನು ಬೆಕ್ಕು ಹಿಂಗಾಲಿಗೂ ಕಲಿಸುತ್ತದೆ ಎನ್ನಬೇಕು. ಭಾರ ಕಡಿಮೆಯಾದ್ದರಿಂದ ಇದು ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಾಲು ಕೂದಲೆಳೆಯಷ್ಟು ಗಿಡ್ಡವಾದರೂ ಗೋಡೆ ಹತ್ತುವುದರಲ್ಲಿ ಕೊರತೆ ಕಾಣದು. ಟಾಗಲ್ ಹಾಕಿದ ಬೆಕ್ಕನ್ನು ವಾರಗಟ್ಟಲೆ ಕೂಡಿಹಾಕಬೇಕು, ಇದನ್ನು ನೋವಿಗೆ ಔಷಧ ಕೊಟ್ಟು ಬೇಗ ನಡೆಸಬೇಕು. ನಡೆಯದಿದ್ದರೆ ಆ ನಾರು ಬಿಗಿದುಕೊಳ್ಳುತ್ತದೆ. ಕೈಚಳಕ ಮೆಚ್ಚುವ ನನ್ನ ಮನಸ್ಸು ಟಾಗಲ್ಲಿನ ಕಡೆಗೇ ವಾಲುತ್ತದೆ. ನಾಗಮಂಗಲದ ರಾಗಿ ಹೊಲದ ಮನೆಗೆ ವಾಪಸಾಗಿ ಮರುವಾರ ಇಲಿ ಹಿಡಿಯಬೇಕಾದ ಬೆಕ್ಕನ್ನು ಕೇಳಿದರೆ ಬಹುಶಃ ಅದು ಎರಡನೆಯದಕ್ಕೇ ಕೈಯೆತ್ತೀತು.

ಮಿಕ್ಕ ಕೀಲುಗಳನ್ನು ಇಲ್ಲಿ ವಿಸ್ತರಿಸಲಾರೆ. ಬೆನ್ನೆಲುಬಿನ ಬುಡದ ಮೂಳೆಗೂ ಸೊಂಟಕ್ಕೂ ನಡುವಿನ ಬೆಸುಗೆ ವಾಹನ ಬಡಿದಾಗ ಆಗಾಗ ಕಳಚುತ್ತದೆ, ಅಲ್ಲಿ ಸ್ಕ್ರೂ ಹಿಡಿಯುವ ಜಾಗ ಕೆಲವೇ ಮಿಲಿಮೀಟರ್, ಮೇಲೆ ಕೆಳಗೆ ನರಗಳು. ಹಿಮ್ಮಡಿಯ ಕೀಲಿನಲ್ಲಿ ನಾಯಿಗಿರುವ ಉದ್ದನೆಯ ಪಕ್ಕದ ಅಸ್ಥಿರಜ್ಜು ಬೆಕ್ಕಿಗಿಲ್ಲ, ಗಿಡ್ಡ ಎಳೆಗಳಷ್ಟೇ ಇವೆ. ಹಾಗಾಗಿ ನಾಯಿಯ ರಿಪೇರಿಯನ್ನು ಅಳತೆ ಚಿಕ್ಕದು ಮಾಡಿ ಬೆಕ್ಕಿಗೆ ಹೊಲಿಯಲು ಬರುವುದಿಲ್ಲ. ದವಡೆಯದನ್ನು ಮಾತ್ರ ಹೇಳದೆ ಬಿಡಲಾರೆ. ಬಿದ್ದ ಪೆಟ್ಟಿಗೆ ಕೆಳದವಡೆ ಮುಂದೆ ಜಾರಿ ಬಾಯಿ ಮುಚ್ಚದ ಬೆಕ್ಕಿಗೆ ಅರಿವಳಿಕೆ ಕೊಟ್ಟು, ಹಿಂದಿನ ಹಲ್ಲುಗಳ ನಡುವೆ ಒಂದು ಪೆನ್ಸಿಲ್ ಅಡ್ಡ ಇಟ್ಟು, ಬಾಯಿಯನ್ನು ಮೆಲ್ಲಗೆ ಮುಚ್ಚುತ್ತಾ ದವಡೆಯನ್ನು ಹಿಂದಕ್ಕೆ ಒತ್ತುತ್ತಾರೆ. ಪೆನ್ಸಿಲ್ಲೇ ಮೀಟುಗೋಲಾಗಿ ಕೀಲು ತನ್ನ ಗೂಡಿಗೆ ಇಳಿಯುತ್ತದೆ. ಶಸ್ತ್ರವೂ ಇಲ್ಲ, ಹೊಲಿಗೆಯೂ ಇಲ್ಲ. ಶಾಲೆ ಮಕ್ಕಳ ಕಂಪಾಸ್ ಬಾಕ್ಸಿನಿಂದ ಇದಕ್ಕಿಂತ ಸೊಗಸಾದ ಸೇವೆ ಇನ್ನೇನು ಆದೀತು.

ಮನೆಗೆ ಕಳಿಸುವಾಗ ಶಸ್ತ್ರವೈದ್ಯರು ಅಜ್ಜಿಗೆ ಎರಡು ಮಾತು ಕಟ್ಟುನಿಟ್ಟಾಗಿ ಹೇಳಿದರು. ಮೊದಲನೆಯದು, ನೋವೆಂದು ಮನೆಯಲ್ಲಿರುವ ಜ್ವರದ ಮಾತ್ರೆ ಕೊಡಬಾರದು. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದುಗಟ್ಟುತ್ತದೆ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಕೂರಿಸಿದ ಕೀಲೆಲ್ಲ ಆಗ ವ್ಯರ್ಥ. ಎರಡನೆಯದು, ಆರು ವಾರ ಪಂಜರ. ನೆಗೆಯಬಾರದು, ಮೆಟ್ಟಿಲು ಹತ್ತಬಾರದು, ಒಳಗೇ ಮರಳಿನ ತಟ್ಟೆ ಇಡಬೇಕು.

ಅಜ್ಜಿಯ ಮನೆಯಲ್ಲಿ ಪಂಜರ ಎಲ್ಲಿಂದ ಬರಬೇಕು? ಇದ್ದದ್ದು ಕೋಳಿ ಮುಚ್ಚುವ ಮಂಕರಿ. ಬಿದಿರಿನದು, ಅಗಲವಾದದ್ದು, ಮರಳಿನ ತಟ್ಟೆ ಇಟ್ಟರೂ ಬೆಕ್ಕು ಕಾಲು ಚಾಚಿ ಮಲಗುವಷ್ಟು ಜಾಗವಿತ್ತು. ಮೇಲೆ ಒನಕೆ ಅಡ್ಡ ಇಟ್ಟರು. ಊರಿನ ವೈದ್ಯೆ ಬಂದಾಗಲೆಲ್ಲ ಮಂಕರಿ ಎತ್ತಿ, ಎರಡು ತೊಡೆಗೂ ಟೇಪು ಸುತ್ತಿ ಸ್ನಾಯು ಎಷ್ಟು ತುಂಬಿಕೊಂಡಿತೆಂದು ಅಳೆದು ಬರೆದುಕೊಳ್ಳುತ್ತಿದ್ದರು. ಸೊರಗಿದ್ದ ಎಡತೊಡೆ ಬಲತೊಡೆಯ ಹತ್ತಿರಕ್ಕೆ ಬರುತ್ತಿರುವುದನ್ನು ಅವರು ಉತ್ಸಾಹದಿಂದ ವಿವರಿಸಲು ಹೊರಟರೆ ಅಜ್ಜಿ ಪೂರ್ತಿ ಕೇಳಲಿಲ್ಲ.

“ಬೆಕ್ಕಿನ ಮಾತು ಅತ್ಲಾಗಿರ್ಲಿ ಕಣವ್ವ. ನಮ್ ಕೋಳಿ ತಿಂಗ್ಳಿಂದ ಜಗ್ಲಿ ಮ್ಯಾಲೆ ಮಲಗ್ತಾವೆ. ಮಂಕ್ರಿ ಯಾವಾಗ ಬುಡುಸ್ಕೊಡ್ತೀಯ, ಅದ ಹೇಳು.”